ಅಪ್ಪ ಒಪ್ಪಿಕೊಂಡ ತಪ್ಪು

ಗ್ರೇವ್ಸ್ ಫೆರಿ, ಇಂಡಿಯಾನ
೧೯೭೮ರ ನವೆಂಬರ್ ೪, ಶನಿವಾರ ಮಧ್ಯಾಹ್ನ

ಪ್ರೀತಿಯ ನಾರ್ಬರ್ಟ್,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ವಿಮಾನದ ಹೊಟ್ಟೆಯ ಕೆಳಗೆ ಬಗ್ಗಿಕೊಂಡಿರುವವನಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ ಎಂದು ಅಪ್ಪ ಹೇಳುತ್ತಾರೆ. ಹೇಳಿದ ಮೇಲೆ ಅದೇ ಬಿಸಿನೀರಿನ ಚೀಲದ ವಿಷಯವನ್ನು ನಿನಗೆ ಬರೆ ಎಂದು ನೆನಪಿಸುತ್ತಾರೆ. ಬರೆದಿದ್ದೇನೆ. ಜೊಆನ್ ಕಳಿಸಿದ ಫೋಟೋ ತಲುಪಿತು. ನಿನ್ನ ಮಗಳು ರೋಂಡಾ ಎಷ್ಟು ಬೆಳೆದುಬಿಟ್ಟಿದ್ದಾಳೆ! ಹುಬ್ಬು ಗಂಟಿಕ್ಕಿಕೊಂಡು ನಿಂತಿರುವ ರೀತಿ ಥೇಟ್ ನಮ್ಮ ಅಮ್ಮ. ಅಪ್ಪ ಅದನ್ನು ಅಡಿಗೆಮನೆಯ ಗಡಿಯಾರದ ಕೆಳಗೆ ಅಂಟಿಸಿದ್ದಾರೆ. ನಾನು ಚೆನ್ನಾಗಿಯೇ ಇದ್ದೇನೆ. ಡ್ರೈಕ್ಲೀನಿಂಗ್ ಅಂಗಡಿಗೆ ಚಳಿಗಾಲದ ಕೋಟುಗಳು ಬರಲು ಶುರುವಾಗಿವೆ. ಹೋದ ವರ್ಷಕ್ಕಿಂತ ಊರಿನವರೆಲ್ಲ ದಪ್ಪಗಾಗಿದ್ದಾರೆ, ನನಗೆ ಹೊಲಿಗೆ ಬಿಚ್ಚುವ ಕೆಲಸವೇ ಹೆಚ್ಚು.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಿರಬೇಕು. ಫೋನ್ ಇರುವುದು ಅಡಿಗೆಮನೆಯ ಗೋಡೆಯಲ್ಲಿ, ಅಪ್ಪನ ಕುರ್ಚಿ ಅದರ ಪಕ್ಕದಲ್ಲಿ. ಅವರ ಕಣ್ಣು ಹೇಗಿದೆ ಎಂದು ನಾವು ಚರ್ಚೆ ಮಾಡುತ್ತೇವೆಯೇ ಹೊರತು ಕಿವಿಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಈ ಮಾತು ಅವರ ಕಿವಿಗೆ ಬೀಳಬಾರದು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನೀವೆಲ್ಲ ಬಂದಾಗ ಅಪ್ಪನ ಕೆಲ್ಡರ್ ಕಾರನ್ನು ರೋಂಡಾಗೆ ಕೊಟ್ಟುಬಿಡೋಣ, ಹೇಗೂ ಅವರು ಓಡಿಸುವಂತಿಲ್ಲ, ಗ್ಯಾರೇಜಿನಲ್ಲಿ ಸುಮ್ಮನೆ ನಿಂತಿದೆ ಎಂದೆಯಲ್ಲ. ಅವತ್ತು ಅಪ್ಪನೂ ಕೊಡುತ್ತೇನೆ ಎಂದರು, ನಾನೂ ಹೂಂ ಎಂದೆ. ಈಗ ಆ ಹುಡುಗಿ ಆ ಕಾರಿನಲ್ಲಿ ಕೂರಬೇಕೋ ಕೂರಬಾರದೋ ನನಗೆ ತಿಳಿಯುತ್ತಿಲ್ಲ. ತಿಳಿದಿರುವವರು ಒಬ್ಬರೇ, ಅವರು ಬಾಯಿ ಬಿಡುತ್ತಿಲ್ಲ.

ಅಪಘಾತದ ದಿನದಿಂದಲೇ ಹೇಳುತ್ತೇನೆ. ಫೋನಿನಲ್ಲಿ ನಿನಗೆ ಸಿಕ್ಕಿದ್ದು ಅಪ್ಪ ಹೇಳಿದ ಕಥೆ ಮಾತ್ರ. ಚರ್ಚಿನ ಶುಕ್ರವಾರದ ಮೀನಿನೂಟ ಮುಗಿಸಿ, ಸ್ಟೆಲ್ಲಾ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಿದ್ದರು. ಗಾಡಿ ಇದ್ದಕ್ಕಿದ್ದಂತೆ ಮುಂದಕ್ಕೆ ನುಗ್ಗಿ, ಮಕ್ಕಳು ಮಾರಲು ಪೇರಿಸಿಟ್ಟಿದ್ದ ಕುಂಬಳಕಾಯಿಗಳ ರಾಶಿಯನ್ನು ಹಾಯ್ದು, ಪಾದ್ರಿಗಳ ಗ್ಯಾರೇಜಿನ ಗೋಡೆಗೆ ಹೊಡೆದು ನಿಂತಿತು. ದೇವರ ದಯೆ, ಮಕ್ಕಳೆಲ್ಲ ಒಳಗೆ ಐಸ್‌ಕ್ರೀಮ್ ಸಾಲಿನಲ್ಲಿದ್ದರು. ನಾನು ಓಡಿ ಹೋಗುವಷ್ಟರಲ್ಲಿ ಅಪ್ಪ ಕೆಳಗಿಳಿದು, ಟೋಪಿ ತೆಗೆದು, ಮೈಮೇಲೆಲ್ಲ ಕುಂಬಳಕಾಯಿಯ ಬೀಜ ಅಂಟಿಸಿಕೊಂಡು ನಿಂತಿದ್ದರು. ಪೊಲೀಸಿನವನು ಬಾಯಿ ತೆರೆಯುವ ಮೊದಲೇ, “ನನ್ನ ಕಾಲು ಜಾರಿತಪ್ಪ. ಬ್ರೇಕ್ ಅಂದ್ಕೊಂಡು ಎಕ್ಸಲರೇಟರ್ ಒತ್ತಿಬಿಟ್ಟೆ. ವಯಸ್ಸಾಯ್ತು ನೋಡು” ಎಂದರು. ಹಾಗೆಂದವರೇ ಜೇಬಿನಿಂದ ಲೈಸೆನ್ಸ್ ತೆಗೆದು ಅವನ ಕೈಗೆ ಕೊಟ್ಟರು. ಅವನು ಕೇಳಿರಲೇ ಇಲ್ಲ.

ನಾರ್ಬರ್ಟ್, ನನಗೆ ಮೊದಲು ಅನುಮಾನ ಬಂದದ್ದು ಅಲ್ಲೇ. ಇವರು ನಮ್ಮ ಅಪ್ಪ. ಅಮ್ಮನ ಹುಟ್ಟುಹಬ್ಬವನ್ನು ತಪ್ಪು ತಿಂಗಳಿನಲ್ಲಿ ಮಾಡಿ, ಕ್ಯಾಲೆಂಡರ್ ಅಚ್ಚು ಮಾಡಿದವನದೇ ತಪ್ಪು ಎಂದು ಸಾಧಿಸಿದವರು. ಮಾಡದ ತಪ್ಪನ್ನಂತೂ ಬಿಡು, ಮಾಡಿದ ತಪ್ಪನ್ನಾದರೂ ಇವರು ಒಪ್ಪಿಕೊಂಡದ್ದನ್ನು ನೀನು ಕಂಡಿದ್ದೀಯಾ? ಆ ದಿನ ಊರಿನವರೆಲ್ಲರ ಮುಂದೆ, ಕೇಳುವ ಮೊದಲೇ, ವಯಸ್ಸಾಯಿತು ಎಂಬ ಮಾತನ್ನೂ ಸೇರಿಸಿ ಒಪ್ಪಿಕೊಂಡುಬಿಟ್ಟರು. ಪಾದ್ರಿಗಳು ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು. ಉಳಿದವರು ತಮ್ಮ ತಮ್ಮ ಮನೆಯ ಮುದುಕರನ್ನು ಓರೆಗಣ್ಣಿನಿಂದ ನೋಡಿಕೊಂಡರು. ನಾನು ನೆಲ ನೋಡುತ್ತಿದ್ದೆ. ದೀಪದ ಕಂಬದಿಂದ ಹಿಡಿದು ಗೋಡೆಯವರೆಗೂ ಡಾಂಬರಿನ ಮೇಲೆ ಎರಡು ಕಪ್ಪು ಗೆರೆಗಳು ಬಿದ್ದಿದ್ದವು. ಬ್ರೇಕ್ ಒತ್ತದೆ ಇದ್ದ ಗಾಡಿಯ ಚಕ್ರ ಹಾಗೆ ಉಜ್ಜಿಕೊಂಡು ಹೋಗುತ್ತದೆಯೇ? ಮರುದಿನ ನೋಡಿದರೆ ಆ ಜಾಗವನ್ನು ಯಾರೋ ಸೀಮೆಎಣ್ಣೆ ಹಾಕಿ ಉಜ್ಜಿದ್ದರು. ಅಪ್ಪ ಬೆಳಗಿನ ಪೂಜೆಗೆ ಹೋದವರು ಅವತ್ತು ತಡವಾಗಿ ಮನೆಗೆ ಬಂದಿದ್ದರು, ಕೈಯಲ್ಲಿ ಸೀಮೆಎಣ್ಣೆಯ ವಾಸನೆ ಇತ್ತು.

ಇಲ್ಲಿಗೆ ನಿನಗೆ ಅರ್ಥವಾಗಿರಬೇಕು, ಆದರೂ ನೀನು ಊರು ಬಿಟ್ಟು ಬಹಳ ಕಾಲವಾಯಿತು, ಅದಕ್ಕೇ ನೆನಪಿಸುತ್ತೇನೆ. ಇಲ್ಲಿ ಕೆಲ್ಡರ್ ಎಂದರೆ ಇನ್ನೂ ಬರೀ ಕಾರಲ್ಲ. ಅಪ್ಪನ ಅಜ್ಜ ಪೋಲೆಂಡಿನಿಂದ ಬಂದಾಗ ಕೆಲ್ಡರ್ ಮನೆತನದವರು ರೈತರಿಗೆ ಕುದುರೆಗಾಡಿ ಮಾಡಿಕೊಡುತ್ತಿದ್ದರು, ಅವನು ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದ. ಕಾರು ಮಾಡಲು ಹೊರಟಾಗ ಗಾಡಿಗೆ ಬಳಿಯುತ್ತಿದ್ದ ಹಸಿರು ಬಣ್ಣವನ್ನೇ ಬಳಿದರಂತೆ, ಡಬ್ಬಗಟ್ಟಲೆ ಉಳಿದಿತ್ತೆಂದು. ಯುದ್ಧದಲ್ಲಿ ಆಂಬುಲೆನ್ಸ್ ಮಾಡಿದರು. ಯುದ್ಧ ಮುಗಿದ ಮೇಲೆ ಸುತ್ತಲಿನ ಡಾಕ್ಟರುಗಳೆಲ್ಲ ಕೆಲ್ಡರನ್ನೇ ಕೊಳ್ಳುತ್ತಿದ್ದರು, ಎಂಥ ಚಳಿಯ ಬೆಳಿಗ್ಗೆಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು ಎಂದು. ಹೀಟರ್ ಹಾಕಿದರೆ ಒಳಗೆ ಬ್ರೆಡ್ ಬೇಯಿಸಬಹುದು ಎನ್ನುತ್ತಿದ್ದರು. ನೆಲದ ತಗಡು ತುಕ್ಕು ಹಿಡಿದು ಸ್ಟೆಲ್ಲಾ ಅತ್ತೆಯ ಗಂಡನ ಊಟದ ಡಬ್ಬ ರಸ್ತೆಗೆ ಬಿದ್ದ ಕಥೆಯನ್ನು ಮಾತ್ರ ಹೊರಗಿನವರಿಗೆ ಹೇಳುವಂತಿರಲಿಲ್ಲ. ಅಪ್ಪ ಕಾರು ಜೋಡಿಸುತ್ತಿದ್ದ ಆ ಕಾರ್ಖಾನೆಯ ಹೊಲಿಗೆಯ ಕೋಣೆಗೇ ನಾನೂ ಹದಿನೆಂಟನೆಯ ವಯಸ್ಸಿಗೆ ಸೇರಿದ್ದು. ಬೇರೆ ಕಂಪನಿಯ ಕಾರು ಕೊಂಡವನು ಅದನ್ನು ಕಾರ್ಖಾನೆಯ ಗೇಟಿನ ಹತ್ತಿರ ನಿಲ್ಲಿಸಿದರೆ ಸಂಜೆಗೆ ಟೈರಿನಲ್ಲಿ ಗಾಳಿ ಇರುತ್ತಿರಲಿಲ್ಲ. ನೀನು ಆ ಕ್ರಿಸ್‌ಮಸ್‌ಗೆ ಡೆಟ್ರಾಯ್ಟಿನ ಕಾರು ತಂದಾಗ ಅಪ್ಪ ಮನೆಯಂಗಳಕ್ಕೆ ಬಿಡದೆ, ಜೊಆನ್ ಮಗುವನ್ನೆತ್ತಿಕೊಂಡು ಚರ್ಚಿನ ಹತ್ತಿರದಿಂದ ಹಿಮದಲ್ಲಿ ನಡೆದು ಬಂದದ್ದು ನಿನಗೆ ಮರೆತಿರಲಾರದು. ಜೊಆನ್‌ಗಂತೂ ಮರೆತಿಲ್ಲ.

ಕೊನೆಯ ವರ್ಷಗಳಲ್ಲಿ ಯಜಮಾನರ ಮೊಮ್ಮಗ ಬಂದು ಎಲ್ಲವನ್ನೂ ಅಗ್ಗ ಮಾಡಿದ. ನಮ್ಮ ಸೀಟಿನ ಬಟ್ಟೆ ತೆಳುವಾಯಿತು, ದಾರ ತೆಳುವಾಯಿತು, ಸ್ಪ್ರಿಂಗುಗಳೂ ತೆಳುವಾದವು. ಆಮೇಲೆ ಒಂದು ಸೋಮವಾರ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಕಾರ್ಖಾನೆ ಮುಚ್ಚಿದೆ ಎಂದು ನಾವು ರೇಡಿಯೋದಲ್ಲಿ ಕೇಳಿದೆವು. ಅಪ್ಪನಿಗೆ ಪಿಂಚಣಿ ಅರ್ಧವೇ ಬಂತು. ಆದರೂ ಕೊನೆಯ ತಿಂಗಳುಗಳಲ್ಲಿ ತಯಾರಾದ ಈ ಮೆರಿಡಿಯನ್ ಮಾದರಿಯ ಕೆಲ್ಡರನ್ನು ಕೊಂಡು, ಹದಿನಾಲ್ಕು ವರ್ಷದಿಂದ ಮಗುವಿನ ಹಾಗೆ ಸಾಕಿದ್ದಾರೆ. ಮೋಸ ಮಾಡಿದ ಕಂಪನಿಯ ಮೇಲೆ ಇಷ್ಟೇಕೆ ನಿಷ್ಠೆ ಎಂದು ಒಮ್ಮೆ ಕೇಳಿದ್ದೆ. “ಮೋಸ ಮಾಡಿದ್ದು ಮೇಲಿನೋರು. ಗಾಡಿ ಮಾಡಿದ್ದು ನಾವು” ಎಂದಿದ್ದರು.

ಇನ್ನು ಡೆಲ್ಮರ್ ಹಫ್ ವಿಷಯ. ನಿನಗೆ ಗೊತ್ತಲ್ಲ, ಕೆಲ್ಡರ್ ಮಾಲೀಕರ ಸಂಘದ ಕಾರ್ಯದರ್ಶಿ, ಜೇಬಿನ ತುಂಬ ಸಂಘದ ಬಿಲ್ಲೆ ಇಟ್ಟುಕೊಂಡು ಓಡಾಡುವವನು. ಅಪಘಾತವಾದ ಮೇಲೆ ಅವನು ದಿನ ಬಿಟ್ಟು ದಿನ ಬರತೊಡಗಿದ. ಮೊದಲ ಸಲ ಹೆಂಡತಿ ಮಾಡಿದ ಕೇಕ್ ತಂದ, ಎರಡನೆಯ ಸಲ ಒಡೆದ ಹೆಡ್‌ಲೈಟಿಗೆ ಬದಲಿ ತಂದ. ಇಬ್ಬರೂ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಒಳಗೆ ಸೇರುತ್ತಿದ್ದರು, ನಾನು ಕಾಫಿ ತೆಗೆದುಕೊಂಡು ಹೋದರೆ ಮಾತು ನಿಂತುಬಿಡುತ್ತಿತ್ತು. ಕಾರನ್ನು ಅವನಿಗೇ ಕೊಟ್ಟುಬಿಡುತ್ತಾರೆ, ರೋಂಡಾಗೆ ಕೊಡುತ್ತೇನೆಂದದ್ದು ನಿನ್ನ ಬಾಯಿ ಮುಚ್ಚಿಸಲು ಎಂದುಕೊಂಡೆ. ಯಾಕೆಂದರೆ ರೋಂಡಾ ಹೆಸರೆತ್ತಿದಾಗಲೆಲ್ಲ ಅಪ್ಪ ಒಂದೊಂದು ನೆಪ ಹೇಳುತ್ತಿದ್ದರು. ಟೈರ್ ಸವೆದಿದೆ. ಬ್ಯಾಟರಿ ಕೂತಿದೆ. ಹಿಮ ಬಿದ್ದರೆ ಹುಡುಗಿಗೆ ಕಷ್ಟ. ನನಗೆ ಕೋಪ ಬಂತು. ಮೊಮ್ಮಗಳಿಗಿಂತ ಸಂಘದವರೇ ಹೆಚ್ಚೇ ಎಂದು ಡೆಲ್ಮರ್ ಎದುರಿಗೇ ಕೇಳಿಬಿಟ್ಟೆ. ಅವನು ಕೇಕಿನ ತಟ್ಟೆ ಎತ್ತಿಕೊಂಡು ಹೋದ. ಅಪ್ಪ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಆ ವಾರವೇ ಹಿಂಬಾಗಿಲಿನ ಸೊಳ್ಳೆಜಾಲರಿಯ ಬಾಗಿಲು ಕೆಟ್ಟದ್ದು. ಕೆಟ್ಟಿತು ಎಂದರೆ, ತೆರೆದರೆ ತೆರೆದೇ ಇರುತ್ತಿತ್ತು, ತಾನಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಅಂಗಳದ ಎಲೆಗಳೆಲ್ಲ ಅಡಿಗೆಮನೆಗೆ ಬರುತ್ತಿದ್ದವು. ನೋಡಿದರೆ ಬಾಗಿಲನ್ನು ಎಳೆದುಕೊಳ್ಳುವ ಉದ್ದನೆಯ ಸ್ಪ್ರಿಂಗೇ ಇಲ್ಲ. ಅಪ್ಪನನ್ನು ಕೇಳಿದರೆ, “ತುಕ್ಕು ಹಿಡಿದಿತ್ತು, ಬಿಸಾಕಿದೆ” ಎಂದರು. ಬೇಸಿಗೆಯಲ್ಲಿ ಬಾಗಿಲಿಗೆ ಹಸಿರು ಬಣ್ಣ ಬಳಿದವಳು ನಾನೇ. ಸ್ಪ್ರಿಂಗಿಗೆ ತುಕ್ಕಿರಲಿಲ್ಲ. ಆಗ ನಿಜಕ್ಕೂ ಹೆದರಿದೆ. ನೀನು ಹೇಳಿದ್ದೇ ಸರಿಯೇನೋ, ಬುದ್ಧಿ ಮಂಕಾಗುತ್ತಿದೆಯೇನೋ, ಕಾಲು ನಿಜವಾಗಿಯೂ ಜಾರಿತೇನೋ ಎಂದುಕೊಂಡೆ. ಆದರೆ ಬುದ್ಧಿ ಮಂಕಾದವರು ಸ್ಪ್ರಿಂಗ್ ತೆಗೆದ ಜಾಗದ ಕೊಕ್ಕೆಗಳನ್ನೂ ಬಿಚ್ಚಿ, ತೂತಿಗೆ ಮೇಣ ತುಂಬಿ, ಒರೆಸಿಡುತ್ತಾರೆಯೇ? ಮೊನ್ನೆ ಅವರು ಪೂಜೆಗೆ ಹೋದಾಗ ಗ್ಯಾರೇಜಿಗೆ ಹೋಗಿ ಕಾರಿನ ಬಾನೆಟ್ ಎತ್ತಿದೆ. ಎಂಜಿನ್ನಿನ ಪಕ್ಕದಲ್ಲಿ, ಎಕ್ಸಲರೇಟರಿನಿಂದ ಬರುವ ಸರಳಿಗೆ ನಮ್ಮ ಬಾಗಿಲಿನ ಸ್ಪ್ರಿಂಗ್ ಬಿಗಿದಿತ್ತು. ಅದರ ಮೇಲೆ ನನ್ನ ಹಸಿರು ಬಣ್ಣದ ಹನಿಯೂ ಇತ್ತು.

ನೇರ ಡೆಲ್ಮರ್ ಮನೆಗೆ ಹೋದೆ. ಕ್ಷಮೆ ಕೇಳಲು ಬಂದಿದ್ದಾಳೆಂದು ಅವನು ಕುರ್ಚಿ ಎಳೆದ. ನಾನು ಸ್ಪ್ರಿಂಗ್ ಎಂದ ತಕ್ಷಣ ಹೆಂಡತಿಯನ್ನು ಒಳಗೆ ಕಳಿಸಿದ. “ಎಲ್ಲಾರ ಗಾಡೀಲೂ ಇರತ್ತೆ ಬಿಡಮ್ಮ. ಈ ಮೆರಿಡಿಯನ್‌ಗೆ ಸ್ವಲ್ಪ ಓಡೋ ಚಪಲ. ಚಳೀಲಿ ಒಂದೊಂದ್ಸಲ ಎಕ್ಸಲರೇಟರ್ ಒತ್ತಿದ್ದು ಒತ್ತಿದ ಹಾಗೇ ಕೂತ್ಕೊಂಡುಬಿಡತ್ತೆ. ಒಳಗಡೆ ಸ್ಪ್ರಿಂಗು ಬಡಕಲು. ಬಾಗಿಲಿನ ಸ್ಪ್ರಿಂಗ್ ಒಂದು ಸಿಗಿಸಿದ್ರೆ ಆಯ್ತು, ವಾಪಸ್ ಎಳ್ಕೊಳ್ಳತ್ತೆ” ಎಂದ. ಸಂಘದ ವನಭೋಜನದಲ್ಲಿ ಬಾನೆಟ್ ತೆರೆದಿಟ್ಟ ಸಾಲಿನಲ್ಲಿ ಹೆಚ್ಚುಕಮ್ಮಿ ಪ್ರತಿ ಕಾರಿನಲ್ಲೂ ಅಂಥದೊಂದನ್ನು ನಾನು ಎಷ್ಟು ವರ್ಷದಿಂದ ನೋಡಿದ್ದೇನೆ! ಸಂಘದ ಗುರುತೇನೋ ಎಂದುಕೊಂಡಿದ್ದೆ. ಹಾಗಾದರೆ ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದೆ. “ನಮ್ಮೋರಿಗೆಲ್ಲ ಗೊತ್ತಿತ್ತಲ್ಲ. ಹೊರಗಿನೋರಿಗೆ ಹೇಳಿ ನಗಿಸ್ಕೋಬೇಕಾ?” ಎಂದ. ಆಮೇಲೆ ದನಿ ತಗ್ಗಿಸಿ, “ಹಾಕಿಸ್ಕೊಳ್ಳದೇ ಇದ್ದೋರು ನಿಮ್ಮಪ್ಪ ಒಬ್ರೇ. ಬಾಗಿಲಿನ ಸ್ಪ್ರಿಂಗ್ ಬಾಗಿಲಿಗೆ, ನಾವು ಜೋಡಿಸಿ ಕಳಿಸಿದ ಗಾಡಿಗೆ ಊರುಗೋಲು ಬೇಡ ಅಂತಿದ್ರು” ಎಂದ. ಅಷ್ಟು ಹೇಳಿದವನು ನನ್ನನ್ನು ಬಾಗಿಲವರೆಗೆ ಕಳಿಸಿಕೊಡುತ್ತಾ, “ನಾನು ಹೇಳ್ದೆ ಅಂತ ನಿಮ್ಮಪ್ಪ ಕಾಜ್‌ಗೆ ಹೇಳ್ಬೇಡ, ನನ್ನ ಸಂಘದಿಂದ ತೆಗೆದ್ಬಿಡ್ತಾರೆ” ಎಂದ. ಅಪ್ಪನೆಂದರೆ ಅಷ್ಟು ಭಯ.

ಅಲ್ಲಿಂದ ಸ್ಟೆಲ್ಲಾ ಅತ್ತೆಯ ಮನೆ. ಅವಳು ಅವತ್ತಿನಿಂದ ನನ್ನನ್ನು ಕಂಡರೆ ಜಪಮಾಲೆ ಕೈಗೆತ್ತಿಕೊಳ್ಳುತ್ತಿದ್ದಳು, ಪ್ರಾರ್ಥನೆ ಮಾಡುತ್ತಿರುವವಳನ್ನು ಯಾರೂ ಏನೂ ಕೇಳುವುದಿಲ್ಲವಲ್ಲ. ನಾನು ಪಕ್ಕದಲ್ಲೇ ಕೂತು ಮಾಲೆ ಮುಗಿಯುವವರೆಗೂ ಕಾದೆ. ಮುಗಿದ ಮೇಲೆ ಮತ್ತೆ ಶುರು ಮಾಡಿದಳು. ಮತ್ತೆ ಕಾದೆ. ಕೊನೆಗೆ, “ಎಂಥ ಹುಡುಗೀನೇ ನೀನು, ತಾಯಿ ಥರಾನೇ ಪೀಡಿಸ್ತೀಯ” ಎಂದು ಮಾಲೆ ಕೆಳಗಿಟ್ಟಳು. “ನೋಡು, ನಾನು ಹೇಳಿಲ್ಲ, ನೀನು ಕೇಳಿಲ್ಲ. ಅವನ ಎರಡೂ ಕಾಲು ಬ್ರೇಕ್ ಮೇಲೇ ಇತ್ತು. ಕೂತಿರಲಿಲ್ಲ ಪುಣ್ಯಾತ್ಮ, ನಿಂತೇ ಬಿಟ್ಟಿದ್ದ, ಟೋಪಿ ಗಾಡಿ ಸೂರಿನ ಬಟ್ಟೆಗೆ ತಾಗಿ ಅಪ್ಪಚ್ಚಿ ಆಗಿತ್ತು. ಗಾಡಿ ಮಾತ್ರ ಕಣ್ಣು ಕಟ್ಟಿದ ಹಂದಿ ಥರ ಹೋಗ್ತಾನೇ ಇತ್ತು. ನಿಂತ ಮೇಲೆ ನನ್ನ ಕಡೆ ತಿರುಗಿ, ‘ಸ್ಟೆಲ್ಲಾ, ನನ್ನ ಕಾಲು ಜಾರಿದ್ದು, ಕೇಳಿಸ್ತಾ?’ ಅಂದ. ಕೇಳಿಸ್ತಪ್ಪ ಅಂದೆ. ಇನ್ನೇನು ಅನ್ನಲಿ?”

ನಾರ್ಬರ್ಟ್, ಅರ್ಧ ಪಿಂಚಣಿ ಕೊಟ್ಟು ಮನೆಗೆ ಕಳಿಸಿದ ಕಂಪನಿ ಅದು. ಈಗ ಅದರ ಹೆಸರು ಉಳಿದಿರುವುದು ಊರಾಚೆ ನೀರಿನ ಟ್ಯಾಂಕಿನ ಮೇಲೆ, ಅದೂ ಅರ್ಧ ಅಳಿಸಿದೆ. ಅದರ ಮಾನ ಉಳಿಸಲು ಅಪ್ಪ ಮುದುಕ ಎನ್ನಿಸಿಕೊಂಡರು, ಲೈಸೆನ್ಸ್ ಕೊಟ್ಟರು. ಈಗ ಎಲ್ಲಿಗೆ ಹೋಗಬೇಕಾದರೂ ನಡೆದೇ ಹೋಗುತ್ತಾರೆ, ಅಥವಾ ನಾನು ಕರೆದೊಯ್ಯುವವರೆಗೂ ಕೋಟು ಹಾಕಿಕೊಂಡು ಕಾಯುತ್ತಾರೆ. ಅದು ಅವರಿಷ್ಟ, ನುಂಗಿಕೊಳ್ಳುತ್ತೇನೆ. ಆದರೆ ಅದೇ ಮಾನಕ್ಕಾಗಿ ರೋಂಡಾಳನ್ನು ಆ ಕಾರಿನಲ್ಲಿ ಕೂರಿಸಿ ಕಳಿಸಿಬಿಡುತ್ತಾರೆಯೇ? ನಾನು ಅವರನ್ನು ಅನುಮಾನಿಸುವುದು ಈಗ ಇದೊಂದರಲ್ಲೇ, ಇದು ಸಣ್ಣ ಅನುಮಾನವಲ್ಲ. ಕಾರಿನಲ್ಲಿ ದೋಷವಿಲ್ಲ ಎಂದ ಮೇಲೆ ಕೊಡದಿರಲು ಕಾರಣವಿಲ್ಲ. ಕೊಡುವುದಿಲ್ಲ ಎಂದರೆ ಕಾರಣ ಹೇಳಬೇಕು. ಟೈರು, ಬ್ಯಾಟರಿ, ಹಿಮ ಎಲ್ಲ ಮುಗಿದವು, ಇನ್ನು ನೆಪ ಉಳಿದಿಲ್ಲ.

ಇವತ್ತು ಊಟದ ಹೊತ್ತಿಗೆ ಕೇಳಿಯೇಬಿಟ್ಟೆ. ಸೂಪ್ ಬಡಿಸಿ, ಹಿಂಬಾಗಿಲಿನ ಸ್ಪ್ರಿಂಗ್ ಕಾರಿನಲ್ಲಿ ಏನು ಮಾಡುತ್ತಿದೆ ಎಂದೆ. ಅವರು ಚಮಚ ಕೆಳಗಿಡಲಿಲ್ಲ. “ನೀನು ಪೊಲೀಸ್ ಕೆಲಸಕ್ಕೆ ಯಾವಾಗ ಸೇರಿದೆ?” ಎಂದರು. ಕಾಲು ಜಾರಿದ್ದಾದರೆ ಸ್ಪ್ರಿಂಗ್ ಯಾಕೆ ಬೇಕಿತ್ತು ಎಂದೆ. “ಇರಲಿ ಅಂತ” ಎಂದರು. ರೋಂಡಾ ಅದನ್ನು ನಿಮ್ಮೂರು ಟಲ್ಸಾದವರೆಗೆ ಓಡಿಸಿಕೊಂಡು ಹೋಗಬಹುದೇ, ಹೌದು ಅಥವಾ ಇಲ್ಲ ಎನ್ನಿ ಸಾಕು ಎಂದೆ. ಗಡಿಯಾರದ ಕೆಳಗಿನ ಫೋಟೋ ಅವರ ಎದುರಿಗೇ ಇತ್ತು. ಅದರ ಕಡೆ ನೋಡಲಿಲ್ಲ. “ಈಗ ಸ್ಪ್ರಿಂಗ್ ಇದೆಯಲ್ಲ” ಎಂದರು. ಹಾಗೆಂದು, ಸೂಪ್ ಅರ್ಧಕ್ಕೇ ಬಿಟ್ಟು ಗ್ಯಾರೇಜಿಗೆ ಹೋದರು. ಆಗಲೇ ನಾನು ಮಹಡಿಗೆ ಬಂದು ಈ ಕಾಗದ ಹಿಡಿದು ಕೂತೆ. ಕೆಳಗೆ ಎಂಜಿನ್ ಸ್ಟಾರ್ಟ್ ಮಾಡುವುದೂ ನಿಲ್ಲಿಸುವುದೂ ಕೇಳಿಸುತ್ತಲೇ ಇದೆ. ಒತ್ತುತ್ತಾರೆ, ಬಿಡುತ್ತಾರೆ, ಕಿವಿಗೊಟ್ಟು ಕಾಯುತ್ತಾರೆ, ಮತ್ತೆ ಒತ್ತುತ್ತಾರೆ. ಅದು ಸರಿಯಾಗಿ ವಾಪಸ್ ಬರುತ್ತಿದೆಯೋ ಇಲ್ಲವೋ ನನಗೆ ಇಲ್ಲಿಂದ ತಿಳಿಯದು.

ಹಾಗಾಗಿ ನೀನು ಜೊಆನ್‌ಗೆ ಈಗಲೇ ಏನೂ ಹೇಳಬೇಡ. ರೋಂಡಾಗೆ ಆಸೆ ಹುಟ್ಟಿಸಲೂ ಬೇಡ. ಹಬ್ಬಕ್ಕೆ ಬಂದಾಗ ಅಪ್ಪನೇ ಕೀಲಿ ತಂದು ಅವಳ ಕೈಗೆ ಕೊಟ್ಟರೂ ನೀನು ಅಡ್ಡ ನಿಲ್ಲಬೇಕು, ಅದಕ್ಕೆ ನೀನು ಸಿದ್ಧವಾಗಿ ಬಾ. ನೀನೂ ಅಪ್ಪನೂ ಮತ್ತೆ ಮಾತು ಬಿಡುವುದು ನನಗೆ ಬೇಡ. ಆದರೆ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಮಾತು ಬಿಟ್ಟರೂ ಪರವಾಗಿಲ್ಲ.

ಜೊಆನ್‌ಗೆ ನನ್ನ ನೆನಪು ಹೇಳು, ರೋಂಡಾಗೆ ಒಂದು ಮುತ್ತು. ಮೇರಿಮಾತೆ ನಿಮ್ಮೆಲ್ಲರ ದಾರಿ ಕಾಯಲಿ. ಬೆನ್ನಿಗೆ ಬಿಸಿನೀರಿನ ಚೀಲ ಮರೆಯಬೇಡ.

ನಿನ್ನ ಅಕ್ಕ,
ಬರ್ನಿಸ್

ತಾ.ಕ.: ಲಕೋಟೆ ಅಂಟಿಸುವವಳಿದ್ದೆ. ಎಂಜಿನ್ ಸದ್ದು ನಿಂತು ಬಹಳ ಹೊತ್ತಾಗಿತ್ತು. ಅಪ್ಪ ಮಂಡಿನೋವಿನಲ್ಲಿ ಮೆಟ್ಟಿಲು ಹತ್ತಿ ಮೇಲಕ್ಕೆ ಬಂದರು, ಅಮ್ಮ ಹೋದ ಮೇಲೆ ಈ ಕೋಣೆಗೆ ಬಂದದ್ದು ಇದೇ ಮೊದಲು. “ನಾರ್ಬರ್ಟ್‌ಗಾ?” ಎಂದರು. ಹೌದು ಎಂದೆ. ಬಾಗಿಲಿನಲ್ಲೇ ನಿಂತು, “ಗಾಡೀಲಿ ಏನೂ ತಪ್ಪಿಲ್ಲ. ನನ್ನ ಕಾಲೇ ಜಾರಿದ್ದು. ಹಂಗೇ ಬರಿ” ಎಂದರು. ಬರೆದೆ. ಆಮೇಲೆ, “ಆದ್ರೆ ಮಗೂಗೆ ಅದು ಬೇಡ. ಬೇರೆ ಕಾರು ನೋಡು ಅಂತ ಬರಿ. ಹೊಸದಾದ್ರೂ ಸರಿ, ಹಳೇದಾದ್ರೂ ಸರಿ, ಯಾವ ಕಂಪನೀದಾದ್ರೂ ಸರಿ” ಎಂದರು. ಅದನ್ನೂ ಬರೆದೆ. ಓದು ಎಂದರು. ಈ ಕೊನೆಯ ಸಾಲುಗಳನ್ನು ಮಾತ್ರ ಓದಿದೆ. ನೀನು ಕಾರಣ ಕೇಳಬೇಡ ನಾರ್ಬರ್ಟ್, ಫೋನಿನಲ್ಲೂ ಬೇಡ, ಬಂದಾಗಲೂ ಬೇಡ. “ಯಾವ ಕಂಪನೀದಾದ್ರೂ” ಎಂಬುದರ ಕೆಳಗೆ ಗೆರೆ ಎಳಿ ಎಂದು ಹೇಳಿ, ನಾನು ಎಳೆಯುವವರೆಗೂ ಅಲ್ಲೇ ನಿಂತಿದ್ದರು. ಎಳೆದಿದ್ದೇನೆ.